ಚಳಿಗಾಲದಲ್ಲಿ ಕೃಷಿ ಹೊಂಡದ ಮೀನು ಸಾಯುತ್ತಿದೆಯೇ? ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಡಿಸೆಂಬರ್ ಬಂತೆಂದರೆ ಬೆಳಿಗ್ಗೆ ಆರಕ್ಕೆಲ್ಲ ನನಗೆ ಫೋನ್ ಬರಲು ಶುರುವಾಗುತ್ತದೆ. "ಅಣ್ಣ, ಹೊಂಡದಲ್ಲಿ ಮೀನು ತೇಲ್ತಿವೆ. ಚಳಿಗೆ ಸತ್ತಿರಬೇಕು ಅಲ್ವಾ?"

ಅಲ್ಲ. ಕಾಟ್ಲ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಇವು ನಮ್ಮ ಶಿರಾ, ಹಿರಿಯೂರು ಕಡೆಯ ಚಳಿಗೆ ಸಾಯುವ ಮೀನುಗಳಲ್ಲ. ಡಿಸೆಂಬರ್ ಬೆಳಿಗ್ಗೆ ನನ್ನ ಹೊಂಡದ ನೀರು 20, 21 ಡಿಗ್ರಿ ಇರುತ್ತದೆ. ಆ ತಾಪದಲ್ಲಿ ಗೆಂಡೆ ಮೀನಿನ ಹಸಿವು ಕಡಿಮೆಯಾಗುತ್ತದೆ, ಓಡಾಟ ಕಡಿಮೆಯಾಗುತ್ತದೆ, ಗಾಯ ಮಾಯುವುದು ತಡವಾಗುತ್ತದೆ. ಆದರೆ ನಾವು ಮಳೆಗಾಲದ ಅಭ್ಯಾಸ ಬಿಡುವುದಿಲ್ಲ. ಅಷ್ಟೇ ಹಿಂಡಿ, ಅಷ್ಟೇ ತೌಡು, ಅಷ್ಟೇ ಸಗಣಿ. ಹೊಂಡದ ನೀರು ಮಾತ್ರ ತೋಟಕ್ಕೆ ಬಿಟ್ಟು ಬಿಟ್ಟು ಇಳಿಯುತ್ತಾ ಹೋಗಿರುತ್ತದೆ. ನಾನು ನೋಡಿದ ಚಳಿಗಾಲದ ಸಾವುಗಳಲ್ಲಿ ಹೆಚ್ಚಿನವು ಹೀಗೇ ಆಗಿದ್ದು. "ಚಳಿಗೆ ಸತ್ವು" ಎಂದು ಬಿಟ್ಟುಬಿಟ್ಟರೆ ಮುಂದಿನ ವರ್ಷವೂ ಸಾಯುತ್ತವೆ.

ಇದು ಪ್ಲಾಸ್ಟಿಕ್ ಹೊದಿಕೆಯ ಕೃಷಿ ಹೊಂಡಗಳಿಗಾಗಿ ಬರೆದದ್ದು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಬಯಲುಸೀಮೆಯಲ್ಲಿ ಇಂಥ ಹೊಂಡಗಳು ಊರೂರಿಗೂ ಆಗಿವೆ. ಮಣ್ಣಿನ ಹೊಂಡ, ಸಣ್ಣ ಕಟ್ಟೆ ಇರುವವರಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ.

ಮೊದಲು ನಿಮ್ಮ ಜೀವ

ಮೀನಿನ ವಿಷಯಕ್ಕೆ ಹೋಗುವ ಮೊದಲು ಇದನ್ನು ಓದಿ. ಪ್ಲಾಸ್ಟಿಕ್ ಹೊದಿಕೆಯ ಇಳಿಜಾರು ಪಾಚಿ ಕಟ್ಟಿದರೆ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಈಜು ಬರುವವರೂ ಮೇಲೆ ಹತ್ತಲಾಗದೆ ಜೀವ ಕಳೆದುಕೊಂಡಿದ್ದಾರೆ. ಮಕ್ಕಳನ್ನು ಕಳೆದುಕೊಂಡ ಮನೆಗಳಿವೆ.

ಸತ್ತ ಮೀನು ತೆಗೆಯಲು ಬೆಳಿಗ್ಗೆ ಕತ್ತಲಲ್ಲಿ ಒಬ್ಬರೇ ಹೋಗಬೇಡಿ. ಹೊಂಡದ ಎರಡು ಬದಿಗೆ ಗಂಟು ಹಾಕಿದ ದಪ್ಪ ಹಗ್ಗ ಕಟ್ಟಿ, ಗೂಟಕ್ಕೆ ಬಿಗಿದು ನೀರಿನವರೆಗೂ ಇಳಿಬಿಡಿ. ಗಾಳಿ ತುಂಬಿದ ಟೈರಿನ ಟ್ಯೂಬ್ ಒಂದು ದಡದಲ್ಲೇ ಇರಲಿ. ಯಾರಾದರೂ ಬಿದ್ದರೆ ಹಿಂದೆ ಹಾರಬೇಡಿ, ಹಗ್ಗ ಎಸೆಯಿರಿ, ಟ್ಯೂಬ್ ಎಸೆಯಿರಿ, ಕೂಗಿ. ಸುತ್ತ ಬೇಲಿ ಇಲ್ಲದಿದ್ದರೆ ಮೀನು ಬಿಡುವ ಮೊದಲು ಬೇಲಿ ಹಾಕಿ. ಮೀನು ಇದೆ ಎಂದರೆ ಮಕ್ಕಳು ಬಂದೇ ಬರುತ್ತಾರೆ.

ಇನ್ನೊಂದು, ಕರೆಂಟು. ಹೊಂಡದಲ್ಲಿ ಮೋಟಾರು ಇಳಿಬಿಟ್ಟಿದ್ದರೆ, ನೀರು ಮುಟ್ಟುವ ಮೊದಲು ಸ್ಟಾರ್ಟರ್ ಆಫ್ ಮಾಡಿ ಫ್ಯೂಸ್ ತೆಗೆಯಿರಿ. ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಸ್ಟಾರ್ಟರ್ ಡಬ್ಬಿ ಮುಟ್ಟಬೇಡಿ.

ಕೈಯಲ್ಲಿ ಇರಬೇಕಾದವು

ಒಂದು ಥರ್ಮಾಮೀಟರ್. ಉದ್ದ ಕೋಲಿನ ತುದಿಗೆ ಕಟ್ಟಿದ ಬಿಳಿ ತಟ್ಟೆ. ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಮಟ್ಟ ನೋಡುವ ಕಾಗದದ ಪಟ್ಟಿ. ಉದ್ದ ಹಿಡಿಯ ಬಲೆ. ಒಂದು ನೋಟ್‌ಬುಕ್. ಎಲ್ಲ ಸೇರಿದರೂ ಒಂದು ಚೀಲ ಮೇವಿನ ಬೆಲೆ ಆಗುವುದಿಲ್ಲ.

ಬಿಳಿ ತಟ್ಟೆಯನ್ನು ನೀರಿಗೆ ಇಳಿಸುತ್ತಾ ಹೋಗಿ. ಎಷ್ಟು ಆಳಕ್ಕೆ ಕಾಣದಾಗುತ್ತದೆ ಎಂದು ಅಳೆಯಿರಿ. 25ರಿಂದ 40 ಸೆಂಟಿಮೀಟರ್ ಆದರೆ ಒಳ್ಳೆಯದು. 20ಕ್ಕಿಂತ ಮೊದಲೇ ಕಾಣದಾದರೆ ಪಾಚಿ ಜಾಸ್ತಿಯಾಗಿದೆ. ಒಂದು ಮೀಟರ್ ಆಳದಲ್ಲೂ ತಟ್ಟೆ ಹೊಳೆಯುತ್ತಿದ್ದರೆ ನೀರಿನಲ್ಲಿ ಮೀನಿಗೆ ಸಹಜ ಆಹಾರವೇ ಇಲ್ಲ. ಹಳಬರು ಇದನ್ನು ಮೊಳಕೈವರೆಗೆ ಕೈ ಮುಳುಗಿಸಿ ನೋಡುತ್ತಿದ್ದರು. ಪ್ಲಾಸ್ಟಿಕ್ ಹೊಂಡದಲ್ಲಿ ಅದು ಬೇಡ, ಕೋಲೇ ಇರಲಿ.

ಲಕ್ಷಣ: ಮೇವು ಹಾಕಿದರೆ ಮೀನು ಬರುತ್ತಿಲ್ಲ

ಎಲ್ಲಕ್ಕಿಂತ ಮೊದಲು ಕಾಣುವುದು ಇದೇ. ಹೆಚ್ಚಿನ ಸಲ ಇದು ರೋಗ ಅಲ್ಲ.

ಮೊದಲು ನೀರಿನ ತಾಪ ನೋಡಿ. ನಮ್ಮ ಗೆಂಡೆಗಳು ಚೆನ್ನಾಗಿ ತಿಂದು ಬೆಳೆಯುವುದು 25ರಿಂದ 30 ಡಿಗ್ರಿಯಲ್ಲಿ. 20ಕ್ಕೆ ಇಳಿದರೆ ಹಸಿವು ತುಂಬಾ ಕಡಿಮೆ. 15ರ ಹತ್ತಿರ ಬಂದರೆ ತಿನ್ನುವುದನ್ನೇ ಹೆಚ್ಚುಕಡಿಮೆ ಬಿಡುತ್ತವೆ. ಹಾಗಾಗಿ ಬೆಳಿಗ್ಗೆ ಏಳಕ್ಕೆ ಮೇವು ಹಾಕುವ ಅಭ್ಯಾಸ ಬಿಡಿ. ಬಿಸಿಲು ನೀರಿಗೆ ಹತ್ತಿದ ಮೇಲೆ, 11ರಿಂದ 3 ಗಂಟೆ ಒಳಗೆ ಹಾಕಿ.

ಆಮೇಲೆ ಲೆಕ್ಕ. 300 ಮೀನು, ಒಂದೊಂದು 300 ಗ್ರಾಂ ಇದ್ದರೆ ಒಟ್ಟು ತೂಕ 90 ಕೆ.ಜಿ. ಮಳೆಗಾಲದಲ್ಲಿ ಅದರ ನೂರಕ್ಕೆ 2 ಭಾಗ, ಅಂದರೆ 1.8 ಕೆ.ಜಿ ಹಾಕುತ್ತಿದ್ದರೆ, ಈಗ ನೂರಕ್ಕೆ 1 ಭಾಗ, 900 ಗ್ರಾಂ ಸಾಕು. ಅದೂ ತಿಂದರೆ ಮಾತ್ರ.

ತಿಂದಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಹಿಂಡಿ ತೌಡು ಎರಚಬೇಡಿ. ಒಂದು ಅಗಲ ಬುಟ್ಟಿಯಲ್ಲೋ ತಟ್ಟೆಯಲ್ಲೋ ಉಂಡೆ ಮಾಡಿ ಇಟ್ಟು ಹಗ್ಗದಲ್ಲಿ ಇಳಿಬಿಡಿ. ಎರಡು ಗಂಟೆ ಬಿಟ್ಟು ಎತ್ತಿ ನೋಡಿ. ಉಳಿದಿದ್ದರೆ ನಾಳೆ ಅರ್ಧ ಮಾಡಿ. ತೇಲುವ ಮೇವಾದರೆ ಇನ್ನೂ ಸುಲಭ: ಇಪ್ಪತ್ತು ನಿಮಿಷದಲ್ಲಿ ಮುಗಿಯದಿದ್ದದ್ದು ಜಾಸ್ತಿ ಎಂದೇ ಅರ್ಥ.

ಬಿಸಿಲಿದೆ, ನೀರು 25 ಡಿಗ್ರಿ ಇದೆ, ಆದರೂ ಎರಡು ಮೂರು ದಿನದಿಂದ ಮುಟ್ಟುತ್ತಿಲ್ಲ ಎಂದಾದರೆ ಮೇವಿನ ಚೀಲ ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ, ಬೂಷ್ಟು ಹಿಡಿದಿದ್ದರೆ ಆ ಚೀಲ ಬಿಸಾಡಿ. ಕಡಲೆಕಾಯಿ ಹಿಂಡಿಗೆ ಹಿಡಿಯುವ ಬೂಷ್ಟಿನಲ್ಲಿ ಮೀನಿನ ಯಕೃತ್ತನ್ನು ಹಾಳು ಮಾಡುವ ವಿಷ ಇರುತ್ತದೆ. ದನಕ್ಕೂ ಹಾಕಬೇಡಿ. ಮೇವೂ ಸರಿ ಇದ್ದರೆ ಮುಂದಿನ ಲಕ್ಷಣಗಳನ್ನು ನೋಡಿ.

ಪಂಗಾಸಿಯಸ್, ರೂಪಚಂದ್ ಸಾಕಿದವರಿಗೆ ಮಾತ್ರ ಬೇರೆ ಮಾತು. ಇವು ಬಿಸಿ ನಾಡಿನ ಮೀನುಗಳು. ಚಳಿಗೆ ನಿಜವಾಗಿ ಸಾಯುವವು ಇವೇ. ಬೀದರ್‌ನಂಥ ಕಡೆ ರಾತ್ರಿ ಗಾಳಿಯ ತಾಪ 10 ಡಿಗ್ರಿಗಿಂತ ಕೆಳಗೆ ಇಳಿಯುವ ದಿನಗಳಿವೆ. ಅಲ್ಲಿ ಈ ಮೀನುಗಳನ್ನು ನವೆಂಬರ್ ಒಳಗೆ ಹಿಡಿದು ಮಾರುವುದೇ ಕ್ಷೇಮ.

ಲಕ್ಷಣ: ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿವೆ

ಇದನ್ನು ನೋಡಿ ಕೆಲವರು "ಹಸಿವಾಗಿದೆ" ಎಂದು ಮೇವು ಹಾಕುತ್ತಾರೆ. ದಯವಿಟ್ಟು ಹಾಕಬೇಡಿ. ಅವಕ್ಕೆ ಉಸಿರು ಸಾಲುತ್ತಿಲ್ಲ.

ಹಗಲು ಬಿಸಿಲಲ್ಲಿ ಪಾಚಿ ನೀರಿಗೆ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ ಆಮ್ಲಜನಕ ತೆಗೆದುಕೊಳ್ಳುತ್ತದೆ. ಮೀನೂ ತೆಗೆದುಕೊಳ್ಳುತ್ತದೆ. ತಳದಲ್ಲಿ ಕೊಳೆಯುವ ಮೇವು, ಸಗಣಿ, ಎಲೆ ಕೂಡ ತೆಗೆದುಕೊಳ್ಳುತ್ತವೆ. ಹಾಗಾಗಿ ಸೂರ್ಯ ಹುಟ್ಟುವ ಹೊತ್ತಿಗೆ ಅತಿ ಕಡಿಮೆ ಉಳಿದಿರುತ್ತದೆ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಮೀನು ಆರಾಮ. 3ಕ್ಕಿಂತ ಇಳಿದರೆ ಕಷ್ಟ ಶುರು.

ಇಲ್ಲೊಂದು ಪ್ರಶ್ನೆ ಬರುತ್ತದೆ. ತಣ್ಣನೆ ನೀರು ಜಾಸ್ತಿ ಆಮ್ಲಜನಕ ಹಿಡಿಯುತ್ತದೆ. 30 ಡಿಗ್ರಿ ನೀರು ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಹಿಡಿದರೆ, 20 ಡಿಗ್ರಿಯದ್ದು ಸುಮಾರು 9 ಹಿಡಿಯುತ್ತದೆ. ಹಾಗಿದ್ದ ಮೇಲೆ ಚಳಿಗಾಲದಲ್ಲಿ ಯಾಕೆ ಕೊರತೆ? ಮೋಡದಿಂದ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನಮ್ಮಲ್ಲಿ ಮೂರು ನಾಲ್ಕು ದಿನ ಬಿಸಿಲೇ ಕಾಣುವುದಿಲ್ಲ. ಜಿಟಿಜಿಟಿ ಮಳೆ. ಬಿಸಿಲಿಲ್ಲದೆ ಪಾಚಿ ಆಮ್ಲಜನಕ ಬಿಡುವುದಿಲ್ಲ, ತೆಗೆದುಕೊಳ್ಳುವುದನ್ನು ಮಾತ್ರ ನಿಲ್ಲಿಸುವುದಿಲ್ಲ. ಒಂದೊಂದು ರಾತ್ರಿಗೂ ಉಳಿಕೆ ಕರಗುತ್ತದೆ. ಮೂರನೆಯ ಬೆಳಿಗ್ಗೆ ಮೀನು ಮೇಲೆ ಬರುತ್ತದೆ.

ನನ್ನ ಹೊಂಡದಲ್ಲಿ ಆದದ್ದೂ ಇದೇ. ಮೋಡ ಕವಿದ ನಾಲ್ಕು ದಿನವೂ ಎಂದಿನಂತೆ ಮೇವು ಹಾಕಿದೆ. ಐದನೆಯ ದಿನ ಬೆಳಿಗ್ಗೆ ದೊಡ್ಡ ಕಾಟ್ಲಗಳು ಬಾಯಿ ತೆರೆದೇ ತೇಲುತ್ತಿದ್ದವು. ಮುಕ್ಕಾಲು ಕೆ.ಜಿ ಬಂದಿದ್ದ ಮೀನು. ಸಣ್ಣವು ಬದುಕಿದ್ದವು. ಆಗ ನನಗೆ ಅದರ ಅರ್ಥ ಗೊತ್ತಿರಲಿಲ್ಲ. ಆಮ್ಲಜನಕ ಕಡಿಮೆಯಾದರೆ ಮೊದಲು ಸಾಯುವುದು ದೊಡ್ಡ ಮೀನು. ಅದು ಈ ದೋಷದ ಮುಖ್ಯ ಗುರುತು.

ಉಳಿದ ಗುರುತುಗಳು: ಬಿಸಿಲು ಬಂದು ಎರಡು ಮೂರು ಗಂಟೆಗೆ ಬದುಕಿದ ಮೀನು ಕೆಳಗೆ ಹೋಗುತ್ತದೆ. ಬಸವನಹುಳುಗಳು ನೀರಿನಿಂದ ಮೇಲೆ ಹತ್ತಿರುತ್ತವೆ. ಸತ್ತ ಮೀನಿನ ಬಾಯಿ ತೆರೆದಿರುತ್ತದೆ, ಕಿವಿರು ಅಗಲಿರುತ್ತದೆ.

ತಕ್ಷಣ ಏನು ಮಾಡಬೇಕು?

ಮೇವು, ಸಗಣಿ ಎರಡೂ ನಿಲ್ಲಿಸಿ. ಹೊಂಡದ ಮೇಲ್ಭಾಗದ ನೀರನ್ನೇ ಪಂಪಿನಿಂದ ಎತ್ತಿ, ಪೈಪಿನ ಬಾಯಿಗೆ ಬೆರಳಗಲದ ತೂತುಗಳಿರುವ ಡಬ್ಬಿ ಕಟ್ಟಿ, ಎತ್ತರದಿಂದ ಚಿಮ್ಮಿಸಿ ಮತ್ತೆ ಹೊಂಡಕ್ಕೆ ಬಿಡಿ. ಹನಿ ಹನಿಯಾಗಿ ಬಿದ್ದಷ್ಟೂ ಒಳ್ಳೆಯದು. ತಳದ ಕೆಸರು ಕಲಕುವ ಹಾಗೆ ಪೈಪ್ ಇಳಿಸಬೇಡಿ. ನಮ್ಮ ತೊಂದರೆ ಏನೆಂದರೆ ಬೆಳಗಿನ ಜಾವ ನಾಲ್ಕಕ್ಕೆ ತ್ರೀ ಫೇಸ್ ಕರೆಂಟು ಇರುವುದು ಅಪರೂಪ. ಮೋಡ ಕವಿದ ದಿನವೇ ಅಕ್ಕಪಕ್ಕದವರಿಂದ ಡೀಸೆಲ್ ಪಂಪ್ ಕೇಳಿ ತಂದಿಟ್ಟುಕೊಳ್ಳಿ.

ಬೋರ್‌ವೆಲ್ ನೀರು ಬಿಡಬಹುದು. ಚಳಿಗಾಲದಲ್ಲಿ ಅದು ಹೊಂಡದ ನೀರಿಗಿಂತ ಬೆಚ್ಚಗಿರುವುದರಿಂದ ಮೀನಿಗೆ ಹಿತ. ಆದರೆ ನೆಲದೊಳಗಿನ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ. ಪೈಪನ್ನು ನೀರಿನೊಳಗೆ ಮುಳುಗಿಸಿ ಬಿಟ್ಟರೆ ಉಪಯೋಗವಿಲ್ಲ. ಕಲ್ಲಿನ ಮೇಲೋ ತಗಡಿನ ಮೇಲೋ ಬಡಿದು ಹರಿಯುವಂತೆ ಬಿಡಿ.

ಒಂದು ವಾರವಾದರೂ ತಪ್ಪದೆ ಬೆಳಿಗ್ಗೆ ಇದೇ ಆಗುತ್ತಿದ್ದರೆ ದೋಷ ಮೋಡದ್ದಲ್ಲ, ಲೆಕ್ಕದ್ದು. ಮೀನು ಎಷ್ಟು ಬಿಟ್ಟಿದ್ದೀರಿ ಎಂದು ನೆನಪಿಸಿಕೊಳ್ಳಿ. ಏರಿಯೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಇಲ್ಲದ ಹೊಂಡಕ್ಕೆ ಗುಂಟೆಗೆ 50ರಿಂದ 100 ಮರಿ ಸಾಕು. 21 ಮೀಟರ್ ಉದ್ದ, 21 ಮೀಟರ್ ಅಗಲದ ಹೊಂಡ ಸುಮಾರು ನಾಲ್ಕೂಕಾಲು ಗುಂಟೆ. ಅಂದರೆ 200ರಿಂದ 400 ಮರಿ. ಅದಕ್ಕೆ 2,000 ಬಿಟ್ಟವರನ್ನು ನಾನು ನೋಡಿದ್ದೇನೆ. ಮರಿ ಇದ್ದಾಗ ಏನೂ ಆಗುವುದಿಲ್ಲ. ಡಿಸೆಂಬರ್ ಹೊತ್ತಿಗೆ ಅವು ದೊಡ್ಡವಾಗಿರುತ್ತವೆ, ನೀರು ಇಳಿದಿರುತ್ತದೆ.

ನೀರು ಇಳಿದದ್ದನ್ನು ನಾವು ಕಣ್ಣಳತೆಯಲ್ಲಿ ತಪ್ಪಾಗಿ ಅಂದಾಜು ಮಾಡುತ್ತೇವೆ. 3 ಮೀಟರ್ ಆಳದ ಅದೇ ಹೊಂಡ, ಇಳಿಜಾರು ಒಂದಕ್ಕೆ ಒಂದು ಇದ್ದರೆ, ತುಂಬಿದಾಗ ಸುಮಾರು 9.8 ಲಕ್ಷ ಲೀಟರ್ ಹಿಡಿಯುತ್ತದೆ. ಅರ್ಧ ಆಳಕ್ಕೆ ಇಳಿದಾಗ ಉಳಿಯುವುದು ಅರ್ಧ ಅಲ್ಲ, 4.1 ಲಕ್ಷ ಲೀಟರ್ ಮಾತ್ರ. ತಳ ಕಿರಿದಾಗುತ್ತಾ ಹೋಗುತ್ತದಲ್ಲ, ಅದಕ್ಕೆ. ಇದಕ್ಕೆ ಔಷಧಿ ಇಲ್ಲ. ದೊಡ್ಡ ಮೀನುಗಳನ್ನು ಹಿಡಿದು ಮಾರಿ, ಜಾಗ ಮಾಡಿಕೊಡಿ.

ಲಕ್ಷಣ: ಒಂದೇ ದಿನದಲ್ಲಿ ರಾಶಿ ಮೀನು ಸತ್ತಿವೆ

ಇಲ್ಲಿ ಗಾಬರಿಯಾಗಿ ಏನನ್ನೂ ಸುರಿಯಬೇಡಿ. ಸುಣ್ಣ ಬೇಡ, ಔಷಧಿ ಬೇಡ. ಮೊದಲು ನಾಲ್ಕು ಪ್ರಶ್ನೆ.

ಯಾವ ಹೊತ್ತಿನಲ್ಲಿ ಸತ್ತವು? ಬೆಳಗಿನ ಜಾವ ಆದರೆ ಆಮ್ಲಜನಕ. ಮಧ್ಯಾಹ್ನ, ಒಳ್ಳೆ ಬಿಸಿಲಲ್ಲಿ ಆದರೆ ವಿಷದ ಅನುಮಾನ.

ಯಾವ ಗಾತ್ರದವು? ದೊಡ್ಡವು ಮಾತ್ರ ಆದರೆ ಆಮ್ಲಜನಕ. ಸಣ್ಣವು ಮೊದಲು, ಅಥವಾ ಎಲ್ಲವೂ ಒಟ್ಟಿಗೆ ಆದರೆ ವಿಷ.

ಬೇರೆ ಜೀವಿಗಳು? ಕಪ್ಪೆಮರಿ, ನೀರಿನ ಹುಳು, ಸೀಗಡಿ ಕೂಡ ಸತ್ತಿದ್ದರೆ ವಿಷವೇ ಇರಬೇಕು.

ಸಾಯುವ ಮೊದಲು ಹೇಗೆ ಆಡಿದವು? ಸುಮ್ನೆ ಮೇಲೆ ನಿಂತು ಬಾಯಿ ಬಿಟ್ಟವೋ, ಇಲ್ಲ ಹುಚ್ಚು ಹಿಡಿದಂತೆ ಸುತ್ತಿ, ನೆಗೆದು, ಅಡ್ಡ ಬಿದ್ದವೋ?

ವಿಷ ಎಲ್ಲಿಂದ ಬರುತ್ತದೆ ಎಂದು ಕೇಳುತ್ತೀರಿ. ಇದು ಅವರೆ, ತೊಗರಿ ಹೂವು ಕಾಯಿ ಕಟ್ಟುವ ಕಾಲ. ಹೊಲದಲ್ಲೆಲ್ಲ ಕಾಯಿಕೊರಕಕ್ಕೆ ಔಷಧಿ ಹೊಡೆಯುತ್ತಾರೆ. ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಜಾತಿಯ ಔಷಧಿಗಳು ಮನುಷ್ಯನಿಗಿಂತ ಮೀನಿಗೆ ಎಷ್ಟೋ ಪಾಲು ಹೆಚ್ಚು ವಿಷ. ಗಾಳಿಗೆ ತೇಲಿ ಬಂದದ್ದು ಸಾಕು. ಹೊಂಡದ ದಡದಲ್ಲಿ ಸ್ಪ್ರೇಯರ್ ತೊಳೆದದ್ದು ಸಾಕು. ಸ್ಪ್ರೇಯರಿಗೆ ನೀರು ತುಂಬಲು ಅದೇ ಕೊಡವನ್ನು ಹೊಂಡಕ್ಕೆ ಅದ್ದಿದ್ದೂ ಸಾಕು. ಪಕ್ಕದ ಹೊಲದವರನ್ನು ಬೈಯುವ ಮೊದಲು ನಿಮ್ಮ ಮನೆಯವರನ್ನೇ ಕೇಳಿ. ಹಲವು ಸಲ ಉತ್ತರ ಅಲ್ಲೇ ಸಿಗುತ್ತದೆ.

ವಿಷದ ಅನುಮಾನ ಬಂದರೆ ಆ ಮೀನನ್ನು ತಿನ್ನಬೇಡಿ, ಮಾರಬೇಡಿ, ನಾಯಿ ಕೋಳಿಗೂ ಹಾಕಬೇಡಿ. ಆ ನೀರನ್ನು ದನಕ್ಕೆ ಕುಡಿಸಬೇಡಿ. ಇಲ್ಲಿಗೆ ನಿಮ್ಮ ಕೆಲಸ ನಿಲ್ಲಿಸಿ, ಮೀನುಗಾರಿಕೆ ಇಲಾಖೆಗೆ ಫೋನ್ ಮಾಡಿ.

ಮೂರನೆಯ ಕಾರಣವೂ ಒಂದಿದೆ. ಬಿಸಿಲಿದ್ದು ಇದ್ದಕ್ಕಿದ್ದಂತೆ ತಣ್ಣನೆ ಮಳೆ, ಜೋರು ಗಾಳಿ ಬಂದರೆ ಮೇಲಿನ ನೀರು ತಣ್ಣಗಾಗಿ ಕೆಳಗಿಳಿಯುತ್ತದೆ. ತಳದ ಕೊಳೆತ ನೀರು ಮೇಲೇಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ನೀರಿನ ಬಣ್ಣ ರಾತ್ರೋರಾತ್ರಿ ಕಪ್ಪುಗಂದಾಗುತ್ತದೆ. ಆ ತಳದ ನೀರಿನಲ್ಲಿ ಆಮ್ಲಜನಕವೂ ಇಲ್ಲ, ಮೇಲೆ ವಿಷಗಾಳಿ ಬೇರೆ. ಇದಕ್ಕೂ ಮೊದಲ ಮದ್ದು ನೀರು ಚಿಮ್ಮಿಸುವುದೇ. ಆಮೇಲೆ ಸಾಧ್ಯವಾದರೆ ತಳದ ನೀರನ್ನು ಸೈಫನ್ ಪೈಪಿನಿಂದ ತೋಟಕ್ಕೆ ಬಿಟ್ಟು ಹೊಸ ನೀರು ತುಂಬಿ. ಗಿಡಕ್ಕೆ ಅದು ಒಳ್ಳೆ ಗೊಬ್ಬರ.

ಸತ್ತ ಒಂದು ಮೀನಿನ ಕಿವಿರು ಎತ್ತಿ ನೋಡುವುದನ್ನೂ ಅಭ್ಯಾಸ ಮಾಡಿಕೊಳ್ಳಿ. ಆಗತಾನೆ ಸತ್ತದ್ದರ ಕಿವಿರು ಕೆಂಪಗಿರಬೇಕು. ಚಾಕೊಲೇಟ್ ತರಹ ಕಂದು ಆಗಿದ್ದರೆ ನೀರಿನಲ್ಲಿ ನೈಟ್ರೈಟ್ ಎಂಬ ವಿಷ ಸೇರಿದೆ. ಮೇವು ಜಾಸ್ತಿಯಾಗಿ ಕೊಳೆತ ಹೊಂಡದಲ್ಲಿ ಹೀಗಾಗುತ್ತದೆ. ಮೇವು ನಿಲ್ಲಿಸಿ, ನೀರು ಬದಲಿಸಿ.

ಲಕ್ಷಣ: ಮೈ ಮೇಲೆ ಕೆಂಪು ಕಲೆ, ಹುಣ್ಣು, ಹತ್ತಿಯಂಥ ಬೆಳವಣಿಗೆ

ಹತ್ತಿ ಅಂಟಿದಂತೆ ಬಿಳಿ ಎಳೆಗಳು ಕಾಣುತ್ತಿದ್ದರೆ ಅದು ಶಿಲೀಂಧ್ರ. ಬಲೆ ಎಳೆದಾಗಲೋ, ಹಕ್ಕಿ ಕುಕ್ಕಿದಾಗಲೋ ಆದ ಗಾಯದ ಮೇಲೆ ಬರುತ್ತದೆ. ಒಂದೆರಡು ಮೀನಿಗೆ ಮಾತ್ರ ಇದ್ದರೆ ಹಿಡಿದು, ಲೀಟರಿಗೆ 30 ಗ್ರಾಂ ಕಲ್ಲುಪ್ಪು ಕರಗಿಸಿದ ಬಕೆಟ್ ನೀರಿನಲ್ಲಿ 2 ನಿಮಿಷ ಅದ್ದಿ ಬಿಡಿ. ಮೀನು ಅಡ್ಡ ಬಿದ್ದರೆ ತಕ್ಷಣ ತೆಗೆಯಿರಿ. ಚಳಿಗಾಲದಲ್ಲಿ ಸುಮ್ನೆ ಬಲೆ ಎಳೆಯಬೇಡಿ ಎಂದು ಹೇಳುವುದು ಇದಕ್ಕೇ.

ಕೆಂಪು ಕಲೆ ಬಂದು, ಹುರುಪೆ ಉದುರಿ, ಒಳಗಿನ ಮಾಂಸ ಕಾಣುವಷ್ಟು ಆಳದ ಹುಣ್ಣು ಆದರೆ ಅದು ಬೇರೆ. ಇದು ಹುಣ್ಣು ರೋಗ. 1988ರಲ್ಲಿ ನಮ್ಮ ದೇಶದ ಈಶಾನ್ಯ ರಾಜ್ಯಗಳಿಗೆ ಬಂದು ಅಲ್ಲಿಂದ ಎಲ್ಲ ಕಡೆ ಹರಡಿತು. ಇದರ ಮೂಲವೂ ಶಿಲೀಂಧ್ರದಂಥದ್ದೇ ಒಂದು ಜೀವಿ. ಮಳೆ ಮುಗಿದು ನೀರು 18ರಿಂದ 22 ಡಿಗ್ರಿಗೆ ಇಳಿದಾಗ ಕಾಣಿಸಿಕೊಳ್ಳುತ್ತದೆ, ಅಂದರೆ ಸರಿಯಾಗಿ ಈಗ. ಹೊರಗಿನ ಹಳ್ಳ, ಕಾಲುವೆ ನೀರಿನ ಜೊತೆ ಬಂದ ಕೊರವ ಮೀನು, ಸಣ್ಣ ಪಕ್ಕೆ ಮೀನುಗಳಿಗೆ ಮೊದಲು ತಗಲುತ್ತದೆ. ಆಮೇಲೆ ರೋಹು, ಕಾಟ್ಲ, ಮೃಗಾಲ್‌ಗೆ. ಸಾಮಾನ್ಯ ಗೆಂಡೆಗೆ, ಬೆಳ್ಳಿಗೆಂಡೆಗೆ ಬರುವುದು ಕಡಿಮೆ.

ಮೊದಲ ಹೆಜ್ಜೆ, ಹೊರಗಿನ ನೀರು ಬರುವ ದಾರಿ ಮುಚ್ಚುವುದು. ಎರಡನೆಯದು, ಸತ್ತದ್ದನ್ನು ದಿನವೂ ತೆಗೆದು ಹೂಳುವುದು. ಮೂರನೆಯದು ಸುಣ್ಣ. ಪಿಎಚ್ 7.5ಕ್ಕಿಂತ ಕಡಿಮೆ ಇದ್ದರೆ ಸುಣ್ಣಕಲ್ಲಿನ ಪುಡಿ, ಅಂದರೆ ಹೊಲಕ್ಕೆ ಹಾಕುವ ಕೃಷಿ ಸುಣ್ಣವನ್ನು ಗುಂಟೆಗೆ 2 ಕೆ.ಜಿಯಂತೆ ನೀರಿನಲ್ಲಿ ಕದಡಿ ಎಲ್ಲ ಕಡೆ ಚಿಮುಕಿಸಿ. ಪಿಎಚ್ ಆಗಲೇ 8.5 ದಾಟಿದ್ದರೆ ಸುಣ್ಣ ಹಾಕಲೇಬೇಡಿ. ಸುಟ್ಟ ಸುಣ್ಣ ಮೀನಿರುವ ಸಣ್ಣ ಹೊಂಡಕ್ಕೆ ಬೇಡ. ಅದು ಪಿಎಚ್ ಅನ್ನು ಒಮ್ಮೆಲೇ ಏರಿಸುತ್ತದೆ. ನಿಮ್ಮ ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು.

ಭುವನೇಶ್ವರದ ಸಿಹಿನೀರು ಮೀನು ಕೃಷಿಯ ಕೇಂದ್ರೀಯ ಸಂಸ್ಥೆ ಈ ರೋಗಕ್ಕೆಂದೇ ಸಿಫ್ಯಾಕ್ಸ್ ಎಂಬ ಔಷಧಿ ಕಂಡುಹಿಡಿದಿದೆ. ಒಂದು ಮೀಟರ್ ಆಳದ ಒಂದು ಹೆಕ್ಟೇರ್ ನೀರಿಗೆ 1 ಲೀಟರ್. ನಿಮ್ಮ ಹೊಂಡದಲ್ಲಿ 10 ಲಕ್ಷ ಲೀಟರ್ ನೀರಿದ್ದರೆ ಬರೀ 100 ಮಿಲಿ. 4 ಲಕ್ಷ ಲೀಟರ್ ಇದ್ದರೆ 40 ಮಿಲಿ. "ಸ್ವಲ್ಪ ಜಾಸ್ತಿ ಇರಲಿ" ಎಂದು ಸುರಿಯಬೇಡಿ. ರೋಗ ಹುಣ್ಣು ರೋಗವೇ ಎಂದು ಇಲಾಖೆಯವರಿಗೆ ತೋರಿಸಿ ಖಚಿತ ಮಾಡಿಕೊಂಡು ಹಾಕಿ. ಕೈಗೆ ಗಾಯ ಇದ್ದಾಗ ಹುಣ್ಣಿನ ಮೀನು ಮುಟ್ಟಬೇಡಿ, ಮುಟ್ಟಿದರೆ ಸೋಪಿನಲ್ಲಿ ತೊಳೆಯಿರಿ.

ಲಕ್ಷಣ: ಮೀನು ದಡಕ್ಕೆ ಮೈ ಉಜ್ಜುತ್ತಿವೆ, ನೆಗೆಯುತ್ತಿವೆ

ಒಂದು ಮೀನು ಹಿಡಿದು ರೆಕ್ಕೆಯ ಬುಡ, ಹೊಟ್ಟೆಯ ಕೆಳಗೆ ಬಿಸಿಲಲ್ಲಿ ನೋಡಿ. ಚಪ್ಪಟೆಯಾದ, ಪಾರದರ್ಶಕವಾದ, ಹುರುಪೆಯಂಥ ಹುಳು ಹರಿದಾಡುತ್ತಿದ್ದರೆ ಮೀನು ಹೇನು. ದಾರದಂಥದ್ದು ಮೈಗೆ ಚುಚ್ಚಿಕೊಂಡಿದ್ದರೆ ಲಂಗರು ಹುಳು.

ಖರ್ಚಿಲ್ಲದ ಉಪಾಯ ಒಂದಿದೆ. ಮೀನು ಹೇನು ಗಟ್ಟಿ ವಸ್ತುಗಳ ಮೇಲೆ ಮೊಟ್ಟೆ ಇಡುತ್ತದೆ. ಬಿದಿರಿನ ತುಂಡು, ಹಲಗೆಗಳನ್ನು ಹಗ್ಗದಲ್ಲಿ ನೀರಿಗೆ ಇಳಿಬಿಡಿ. ವಾರಕ್ಕೊಮ್ಮೆ ಎತ್ತಿ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಮತ್ತೆ ಹಾಕಿ. ಮೊಟ್ಟೆಗಳು ಒಣಗಿ ಸಾಯುತ್ತವೆ. ಹೊಲದ ಕೀಟನಾಶಕ ಹಾಕಿದರೆ ಹೇನು ಹೋಗುತ್ತದೆ ಎಂದು ಔಷಧಿ ಅಂಗಡಿಯೊಂದರಲ್ಲಿ ನನಗೆ ಹೇಳಿದ್ದರು. ಹೇನಿನ ಜೊತೆ ಮೀನೂ ಹೋಗುತ್ತದೆ, ಉಳಿದ ಮೀನು ತಿಂದವರಿಗೂ ಕೇಡು. ಆ ಕೆಲಸ ಮಾಡಬೇಡಿ.

ಲಕ್ಷಣ: ಹೊಸದಾಗಿ ಬಿಟ್ಟ ಮರಿಗಳು ಸಾಯುತ್ತಿವೆ

ಬಿಟ್ಟು ಎರಡು ದಿನದ ಒಳಗೆ ಸತ್ತರೆ ಅದು ಸಾಗಾಟದ ಏಟು. ಚೀಲದ ನೀರಿಗೂ ಹೊಂಡದ ನೀರಿಗೂ ತಾಪದ ವ್ಯತ್ಯಾಸ. ಚೀಲವನ್ನು ಬಾಯಿ ಕಟ್ಟಿದ ಹಾಗೇ 20, 30 ನಿಮಿಷ ಹೊಂಡದಲ್ಲಿ ತೇಲಿಬಿಡಿ. ಆಮೇಲೆ ಬಾಯಿ ಬಿಚ್ಚಿ, ಲೋಟದಲ್ಲಿ ಹೊಂಡದ ನೀರು ಸ್ವಲ್ಪ ಸ್ವಲ್ಪ ಸೇರಿಸಿ. ಕೊನೆಗೆ ಚೀಲ ವಾಲಿಸಿ, ಮರಿಗಳು ತಾವೇ ಈಜಿ ಹೋಗಲಿ. ಸುರಿಯಬೇಡಿ. ಚಳಿಗಾಲದಲ್ಲಿ ಬೆಳಿಗ್ಗೆ ಹತ್ತರ ಮೇಲೆ ಈ ಕೆಲಸ ಮಾಡಿ.

ಅನುಮಾನ ಇದ್ದರೆ ಎಲ್ಲ ಮರಿ ಬಿಡುವ ಮೊದಲೇ ಪರೀಕ್ಷೆ ಮಾಡಿ. ಸಣ್ಣ ಕಣ್ಣಿನ ಬಲೆಯ ಚೀಲವನ್ನು ಹೊಂಡದಲ್ಲಿ ಕಟ್ಟಿ, 20 ಮರಿ ಹಾಕಿ ಎರಡು ದಿನ ನೋಡಿ. ಇಪ್ಪತ್ತೂ ಬದುಕಿದ್ದರೆ ನೀರು ಸರಿ ಇದೆ. ಇಷ್ಟು ಚಿಕ್ಕ ಕೆಲಸ ಮಾಡದೆ ಸಾವಿರಾರು ರೂಪಾಯಿ ಕಳೆದುಕೊಂಡವರಿದ್ದಾರೆ.

ನಿಜ ಹೇಳಬೇಕೆಂದರೆ ನಮ್ಮ ಗೆಂಡೆ ಮರಿ ಬಿಡಲು ಜುಲೈಯಿಂದ ಸೆಪ್ಟೆಂಬರ್ ಸರಿಯಾದ ಕಾಲ. ಚಳಿಗೆ ಮೊದಲೇ ಬೆರಳುದ್ದ ದಾಟಿದ ಮರಿ ಗಟ್ಟಿಯಾಗಿರುತ್ತದೆ.

ಲಕ್ಷಣ: ಸತ್ತ ಮೀನು ಕಾಣುವುದಿಲ್ಲ, ಆದರೆ ಮೀನು ಕಡಿಮೆಯಾಗುತ್ತಿದೆ

ದಡದಲ್ಲಿ ಬಿಳಿ ಹಿಕ್ಕೆ ಇದೆಯೇ ನೋಡಿ. ನೀರುಕಾಗೆ ಗುಂಪಾಗಿ ಬಂದರೆ ಒಂದೇ ವಾರದಲ್ಲಿ ಹೊಂಡ ಖಾಲಿ ಮಾಡಬಲ್ಲದು. ಬೆಳ್ಳಕ್ಕಿ, ಮಿಂಚುಳ್ಳಿ ತಿನ್ನುವುದು ಸ್ವಲ್ಪವೇ. ಹೊಂಡದ ಮೇಲೆ ಅಡಿಗೊಂದರಂತೆ ನೈಲಾನ್ ದಾರ ಎಳೆದು ಕಟ್ಟಿದರೆ ನೀರುಕಾಗೆ ಇಳಿಯಲು ಹೆದರುತ್ತದೆ. ಹೊಳೆ ಹತ್ತಿರ ಇದ್ದರೆ ನೀರುನಾಯಿಯೂ ಬರಬಹುದು. ದಡದಲ್ಲಿ ಮೀನಿನ ತಲೆ, ಹುರುಪೆ ಬಿದ್ದಿರುತ್ತದೆ. ವಿಷ ಇಡುವುದು, ಉರುಳು ಹಾಕುವುದು ಅಪರಾಧ. ಬೇಲಿಯ ತಳ ಬಿಗಿ ಮಾಡಿ. ಮನುಷ್ಯರೇ ಕದ್ದು ಹಿಡಿಯುತ್ತಿದ್ದರೆ, ಅವರ ಬಲೆ ಸಿಕ್ಕಿಕೊಳ್ಳಲಿ ಎಂದು ಕೆಲವರು ಹೊಂಡದೊಳಗೆ ಅಲ್ಲಲ್ಲಿ ಮುಳ್ಳುಕೊಂಬೆ ಇಡುತ್ತಾರೆ. ಪ್ಲಾಸ್ಟಿಕ್ ಹೊಂಡದಲ್ಲಿ ಅದು ಹೊದಿಕೆಯನ್ನೇ ತೂತು ಮಾಡುತ್ತದೆ, ಬೇಡ.

ಟ್ರೌಟ್ ಬಿಡಬಹುದೇ ಎಂದು ಕೇಳುವವರಿಗೆ

ಈಚೆಗೆ ಈ ಪ್ರಶ್ನೆ ಬರುತ್ತಿದೆ. ಅಮೆರಿಕದಲ್ಲಿ ರೈತರು ಶರತ್ಕಾಲದಲ್ಲಿ ಹೊಂಡಕ್ಕೆ ಕಾಮನಬಿಲ್ಲು ಟ್ರೌಟ್ ಬಿಟ್ಟು, ಚಳಿಗಾಲವೆಲ್ಲ ಬೆಳೆಸಿ, ಬೇಸಿಗೆ ಬರುವ ಮೊದಲು ಹಿಡಿದುಬಿಡುತ್ತಾರೆ. ನಮ್ಮಲ್ಲೂ ನಾಲ್ಕು ತಿಂಗಳು ಚಳಿ ಇದೆಯಲ್ಲ ಎನ್ನುವುದು ಆಸೆ. ಆದರೆ ಟ್ರೌಟ್‌ಗೆ ಬೇಕಾದದ್ದು 10ರಿಂದ 18 ಡಿಗ್ರಿ ನೀರು. 20 ದಾಟಿದರೆ ಒದ್ದಾಟ, 25ರ ಹತ್ತಿರ ಸಾವು. ನಮ್ಮ ಹೊಂಡ ಜನವರಿಯಲ್ಲೂ ಮಧ್ಯಾಹ್ನ 24, 25 ಮುಟ್ಟುತ್ತದೆ. ನಮಗೆ ಹತ್ತಿರದ ಟ್ರೌಟ್ ನಾಡು ನೀಲಗಿರಿ. ಅಲ್ಲಿನ ಅವಲಾಂಚಿಯಲ್ಲಿ 1907ರಲ್ಲೇ ಮರಿ ಕೇಂದ್ರ ಆಗಿದೆ. ಗುಂಡ್ಲುಪೇಟೆಯಿಂದ ದೂರವೇನಿಲ್ಲ, ಆದರೆ ಅದು ಬೆಟ್ಟದ ಮೇಲಿನ ಹರಿಯುವ ತಣ್ಣನೆ ನೀರು. ಚಳಿಗೆ ತಡೆಯುವ ಮೀನು ಬೇಕೆಂದರೆ ಸಾಮಾನ್ಯ ಗೆಂಡೆ ಜಾಸ್ತಿ ಬಿಡಿ. ನಮ್ಮ ಹೊಂಡಗಳಿಗೆ ಅದೇ ಸರಿ.

ಯಾವಾಗ ನಿಲ್ಲಿಸಿ ಇಲಾಖೆಗೆ ಹೋಗಬೇಕು

ಎರಡು ದಿನ ನೀರು ಚಿಮ್ಮಿಸಿದರೂ ಸಾವು ನಿಲ್ಲದಿದ್ದರೆ, ಹುಣ್ಣು ಹತ್ತಕ್ಕಿಂತ ಹೆಚ್ಚು ಮೀನಿಗೆ ಕಂಡರೆ, ವಿಷದ ಅನುಮಾನ ಬಂದರೆ, ತಡ ಮಾಡಬೇಡಿ. ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ, ಇಲ್ಲವೇ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ.

ಬರಿಗೈಲಿ ಹೋಗಬೇಡಿ. ಕೊಳೆತು ನಾರುವ ಮೀನು ಒಯ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಕಾಯಿಲೆ ಬಿದ್ದು ಇನ್ನೂ ಉಸಿರಾಡುತ್ತಿರುವ ಮೂರು ನಾಲ್ಕು ಮೀನುಗಳನ್ನು ಹೊಂಡದ ನೀರಿನಲ್ಲೇ, ದೊಡ್ಡ ಚೀಲದಲ್ಲಿ ಗಾಳಿ ತುಂಬಿ ಒಯ್ಯಿರಿ. ಆಗದಿದ್ದರೆ ಆಗತಾನೆ ಸತ್ತದ್ದನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಐಸಿನ ಮಧ್ಯೆ ಇಡಿ, ಗಟ್ಟಿಯಾಗುವ ಹಾಗೆ ಫ್ರೀಜರಿನಲ್ಲಿಡಬೇಡಿ. ಜೊತೆಗೆ ತೊಳೆದ ಬಾಟಲಿಯಲ್ಲಿ ಒಂದು ಲೀಟರ್ ಹೊಂಡದ ನೀರು, ಗುಳ್ಳೆ ಇಲ್ಲದಂತೆ ಅಂಚಿನವರೆಗೆ ತುಂಬಿ. ಆ ನೋಟ್‌ಬುಕ್ಕನ್ನೂ ಮರೆಯಬೇಡಿ: ಯಾವ ದಿನ ಮೋಡ ಇತ್ತು, ಎಷ್ಟು ಮೇವು ಹಾಕಿದಿರಿ, ಯಾವ ಹೊಲಕ್ಕೆ ಯಾವತ್ತು ಔಷಧಿ ಹೊಡೆದರು, ಮೊದಲ ಮೀನು ಸತ್ತದ್ದು ಯಾವ ಹೊತ್ತಿನಲ್ಲಿ. ಅಧಿಕಾರಿ ಮೊದಲು ಕೇಳುವುದು ಅದನ್ನೇ.

ಉಳಿದ ಸತ್ತ ಮೀನುಗಳನ್ನು ಬಾವಿ, ಬೋರ್‌ವೆಲ್‌ನಿಂದ ದೂರ, ಮೊಣಕಾಲುದ್ದದ ಗುಂಡಿ ತೋಡಿ, ಸುಣ್ಣ ಎರಚಿ ಹೂಳಿ. ಮೇಲೆ ಕಲ್ಲು ಹೇರಿ, ನಾಯಿ ಕೆದಕದ ಹಾಗೆ.